ತುಕ್ಕು ಹಿಡಿದ ಹಳೇ ಜಿಪ್ಸಿ: ತಗೊಳ್ಳೋದಾ, ಬಿಡೋದಾ?

ಹಳೇ ಮಾರುತಿ ಜಿಪ್ಸಿ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಹುದಾದ ಆ ಜೀಪಿನಂಥ ಗಾಡಿ, ನೋಡೋಕೆ ಹೋದವರು ಮೊದಲು ಮಾಡುವ ಕೆಲಸ ಬಾನೆಟ್ ಎತ್ತುವುದು. ಆಮೇಲೆ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಟೈರು ಒದ್ದು ನೋಡುತ್ತಾರೆ, ಬಾಡಿ ಮೇಲೆ ಕೈಯಾಡಿಸುತ್ತಾರೆ, ಬಾಗಿಲ ಕೆಳಗೆ ತುಕ್ಕು ಕಂಡರೆ ಐದು ಸಾವಿರ ಕಡಿಮೆ ಮಾಡಿ ಅನ್ನುತ್ತಾರೆ. ನೆಲಕ್ಕೆ ಬೆನ್ನು ಹಚ್ಚಿ ಗಾಡಿ ಕೆಳಗೆ ಮಲಗಿ ನೋಡುವವರು ತುಂಬಾ ಕಡಿಮೆ. ಆದರೆ ತಗೊಳ್ಳಬೇಕೋ ಬೇಡವೋ ಅನ್ನುವುದು ತೀರ್ಮಾನ ಆಗುವುದು ಅಲ್ಲೇ, ಕೆಳಗೆ.

ನಾನು ಮೂಡಿಗೆರೆ ಕಡೆಯವನು. ಏಳು ವರ್ಷದ ಹಿಂದೆ ನನ್ನ ಮೊದಲ ಜಿಪ್ಸಿ ತಗೊಂಡೆ. 1998ರ ಕಿಂಗ್, ಅಂದರೆ 1.3 ಲೀಟರ್ ಎಂಜಿನ್ನಿನ ಜಿಪ್ಸಿ. ಹೊಸ ಹಸಿರು ಪೇಂಟು, ಮೇಲೆ ಹೊಸ ಬಟ್ಟೆ ಹುಡ್, ಹೊಸ ಸೀಟು, ಎಂಜಿನ್ ಸದ್ದು ಹೊಲಿಗೆ ಮಿಷನ್ ಹಾಗೆ. ಎರಡು ಮಳೆಗಾಲ ಚೆನ್ನಾಗೇ ಓಡಿತು. ಅದಾದ ಮೇಲೆ ಒಂದು ದಿನ ತೋಟದಿಂದ ಕಾಫಿ ಮೂಟೆ ಹೇರಿಕೊಂಡು ಬರುವಾಗ ಹಿಂದಿನ ಎಡಗಡೆ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟು ಚಾಸಿಸ್ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಸಮೇತ ಕಿತ್ತುಕೊಂಡು ಬಂತು. ಗಾಡಿ ಒಂದು ಪಕ್ಕಕ್ಕೆ ಕುಸಿದು ಕೂತಿತು. ಕಿತ್ತ ಜಾಗ ನೋಡಿದರೆ ಕಬ್ಬಿಣ ಪದರ ಪದರವಾಗಿ ಎದ್ದಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ತೋಟದ ದಾರಿಯಲ್ಲಿ ನಡಿಗೆ ವೇಗದಲ್ಲಿ ಆಯಿತು, ಯಾರಿಗೂ ಏನೂ ಆಗಲಿಲ್ಲ. ಹಿಂದಿನ ದಿನ ಅದೇ ಗಾಡಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಹತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಈಗ ಇರುವುದು ಎರಡನೇ ಜಿಪ್ಸಿ, 2003ರದ್ದು. ತಗೊಂಡಾಗ ಡ್ರೈವರ್ ಕಾಲಿಡುವ ಜಾಗದಲ್ಲಿ ತಗಡೇ ಇರಲಿಲ್ಲ, ರಬ್ಬರ್ ಮ್ಯಾಟ್ ಎತ್ತಿದರೆ ನೆಲ ಕಾಣುತ್ತಿತ್ತು. ಬಾಡಿ ತುಂಬಾ ಕೆಂಪು ಕಲೆ. ಊರಲ್ಲಿ ನೋಡಿದವರೆಲ್ಲ ಗುಜರಿ ತಂದಿದ್ದೀಯಾ ಅಂದರು. ಆ ಗಾಡಿಯ ಚಾಸಿಸ್ ಮಾತ್ರ ಗಟ್ಟಿ ಇತ್ತು. ಇವತ್ತಿಗೂ ದಿನಾ ಓಡುತ್ತಿದೆ. ಈ ಎರಡು ಗಾಡಿ ನಡುವೆ ನಾನು ಕಲಿತದ್ದನ್ನು, ಆಮೇಲೆ ಸ್ನೇಹಿತರಿಗೆ, ನೆಂಟರಿಗೆ ಅಂತ ನೋಡಿಕೊಟ್ಟ ಗಾಡಿಗಳಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಡಿ ತುಕ್ಕು ಬೇರೆ, ಚಾಸಿಸ್ ತುಕ್ಕು ಬೇರೆ

ಜಿಪ್ಸಿ 1985ರ ಕೊನೆಯಲ್ಲಿ ಬಂದ ಗಾಡಿ. ಮೊದಲು 970 ಸಿಸಿ ಎಂಜಿನ್ ಇತ್ತು. 1996ರಲ್ಲಿ 1.3 ಲೀಟರಿನ ಕಿಂಗ್ ಬಂತು, 2000ದ ಹೊತ್ತಿಗೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಚಿಮ್ಮಿಸುವ ವ್ಯವಸ್ಥೆ) ಆಯಿತು. ನಮ್ಮ ನಿಮ್ಮಂಥವರಿಗೆ ಮಾರುವುದನ್ನು ಕಂಪನಿ 2019ರ ಹೊತ್ತಿಗೆ ನಿಲ್ಲಿಸಿತು. ಹಾಗಾಗಿ ಈಗ ಕೈಗೆ ಸಿಗುವ ಬಹಳಷ್ಟು ಜಿಪ್ಸಿಗಳಿಗೆ 15, 20 ವರ್ಷ ದಾಟಿರುತ್ತದೆ. ತುಕ್ಕೇ ಇಲ್ಲದ ಜಿಪ್ಸಿ ಹುಡುಕುತ್ತೇನೆ ಅಂತ ಹೊರಟರೆ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ತುಕ್ಕು ಎಲ್ಲಿದೆ ಅಂತ ನೋಡಬೇಕು ಅಷ್ಟೆ.

ಈ ಗಾಡಿಯ ಕಟ್ಟಡ ಸರಳ. ಕೆಳಗೆ ಏಣಿ ಹಾಗೆ ಎರಡು ಉದ್ದನೆಯ ರೈಲು, ನಡುವೆ ಅಡ್ಡ ಪಟ್ಟಿಗಳು. ಅದೇ ಚಾಸಿಸ್. ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್ ಬಾಕ್ಸ್, ನಾಲ್ಕೂ ಕಡೆಯ ಪ್ಲೇಟ್ ಸ್ಪ್ರಿಂಗು ಎಲ್ಲ ಅದಕ್ಕೇ ಕೂತಿರುತ್ತವೆ. ಬಾಡಿ ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿ ಕೂರಿಸಿದ ತೊಟ್ಟಿ. ತೊಟ್ಟಿ ತೂತಾದರೆ ತಗಡು ಕತ್ತರಿಸಿ ಬೆಸುಗೆ ಹಾಕಬಹುದು. ಊರಿಗೊಬ್ಬ ಟಿಂಕರಿಂಗ್ ಮೇಸ್ತ್ರಿ ಸಿಗುತ್ತಾರೆ. ಆದರೆ ಆ ಏಣಿ ಲಡ್ಡು ಹಿಡಿದರೆ, ಅಂದರೆ ಕೊಳೆತು ಮೆತ್ತಗಾದರೆ, ಗಾಡಿ ಪೂರ್ತಿ ಬಿಚ್ಚಬೇಕು. ಬಿಚ್ಚಿ ವೆಲ್ಡ್ ಮಾಡಿಸಿದರೂ, ಎಷ್ಟು ದಿನ ತಡೆಯುತ್ತದೆ ಅಂತ ಭರವಸೆ ಕೊಡಲು ನಿಜವಾದ ಮೇಸ್ತ್ರಿ ಹಿಂಜರಿಯುತ್ತಾನೆ.

ಇನ್ನೊಂದು ವಿಷಯ. ಜಿಪ್ಸಿ ರೈಲು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ ಆಕಾರದ್ದು. ಅಲ್ಲಲ್ಲಿ ತೂತು ಇರುತ್ತದೆ. ಕೆಸರಿನಲ್ಲಿ ಓಡಿದಾಗ ಮಣ್ಣು ಆ ತೂತುಗಳಿಂದ ಒಳಗೆ ಹೋಗಿ ಕೂರುತ್ತದೆ, ನೀರು ಇಳಿದು ಹೋಗುವ ತೂತು ಮುಚ್ಚಿಕೊಳ್ಳುತ್ತದೆ. ಹೊರಗೆ ಬಿಸಿಲು ಬಿದ್ದು ಒಣಗಿದರೂ ಒಳಗಿನ ಮಣ್ಣು ವಾರಗಟ್ಟಲೆ ಹಸಿಯಾಗೇ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ನಮ್ಮ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಪೆಟ್ಟಿಗೆ ಒಳಗೆ ಒಣಗುವುದೇ ಇಲ್ಲ. ಅದಕ್ಕೇ ಚಾಸಿಸ್ ಒಳಗಿಂದ ಹೊರಗೆ ಕೊಳೆಯುತ್ತದೆ. ಹೊರಗೆ ನಿಮಗೆ ತುಕ್ಕು ಕಾಣುವಷ್ಟರಲ್ಲಿ ಒಳಗೆ ಕೆಲಸ ಮುಗಿದಿರುತ್ತದೆ.

ಹೋಗುವ ಮುಂಚೆ

ಫೋನ್‌ನಲ್ಲೇ ಮಾರುವವರಿಗೆ ಎರಡು ಮಾತು ಹೇಳಿ. ಒಂದು, ಗಾಡಿ ತೊಳೆಯಬೇಡಿ. ಎರಡು, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಬೆಳಗ್ಗೆ ಹೋಗಿ. ಮಳೆ ಬರುತ್ತಿದ್ದರೆ ಇನ್ನೊಂದು ದಿನ ಹೋಗಿ, ಒದ್ದೆ ಗಾಡಿಯ ಪೇಂಟ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಜೊತೆಗೆ ಒಯ್ಯಬೇಕಾದ್ದು ಒಂದು ಚೀಲದಲ್ಲಿ ಹಿಡಿಯುತ್ತದೆ. ಒಳ್ಳೆ ಟಾರ್ಚು, ಒಂದು ಆಯಸ್ಕಾಂತ (ಹಳೇ ಸ್ಪೀಕರ್‌ನದ್ದಾದರೂ ಸಾಕು), ಚಿಕ್ಕ ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರು, ಅಳತೆ ಟೇಪು, ಮಲಗಲು ಒಂದು ಗೋಣಿಚೀಲ. ಕಾರಿನ ಜಾಕಿ ಮೇಲೆ ಮಾತ್ರ ನಿಂತ ಗಾಡಿ ಕೆಳಗೆ ಯಾವತ್ತೂ ನುಗ್ಗಬೇಡಿ. ಅದರಲ್ಲೂ ತುಕ್ಕು ಹಿಡಿದ ಚಾಸಿಸ್‌ಗೆ ಜಾಕಿ ಕೊಟ್ಟರೆ ಜಾಕಿ ತಲೆ ಒಳಗೇ ಹೊಕ್ಕಿಬಿಡಬಹುದು. ಜಿಪ್ಸಿ ನೆಲದಿಂದ ಎತ್ತರ ಇರುವ ಗಾಡಿ, ನಾಲ್ಕೂ ಚಕ್ರ ನೆಲದ ಮೇಲೇ ಇದ್ದರೂ ಕೆಳಗೆ ನುಗ್ಗಿ ನೋಡಲು ಜಾಗ ಇರುತ್ತದೆ.

ಕೆಳಗೆ ಹೊಸ ಕಪ್ಪು ಬಣ್ಣ ಕಂಡರೆ

ನನಗೆ ಕೆಂಪು ತುಕ್ಕಿಗಿಂತ ಭಯ ಇದರದ್ದು. ಇಪ್ಪತ್ತು ವರ್ಷದ ಗಾಡಿಯ ಕೆಳಭಾಗ ಮಣ್ಣು, ಆಯಿಲ್ಲು, ತುಕ್ಕು ಮೆತ್ತಿಕೊಂಡು ಇರುವುದು ಸಹಜ. ಅದರ ಬದಲು ದಪ್ಪನೆಯ ಹೊಸ ಡಾಂಬರ್ ಕೋಟಿಂಗ್ ಹೊಳೆಯುತ್ತಿದ್ದರೆ, ಮಾರುವ ಮುಂಚೆ ಹೊಡೆಸಿದ್ದಾರೆ ಅಂತ ಅರ್ಥ. ಕೆಲವರು ಒಳ್ಳೆ ಮನಸ್ಸಿನಿಂದಲೇ ಹೊಡೆಸಿರುತ್ತಾರೆ. ಆದರೆ ತುಕ್ಕು ಕೆರೆಯದೆ ಮೇಲೆ ಕೋಟಿಂಗ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಇನ್ನೂ ಜೋರಾಗುತ್ತದೆ. ನನ್ನ ಹಸಿರು ಜಿಪ್ಸಿಯಲ್ಲಿ ಆಗಿದ್ದು ಇದೇ.

ಮಾಡಬೇಕಾದ್ದು ಇಷ್ಟು. ಮಾರುವವರನ್ನು ಕೇಳಿ ಎರಡು ಮೂರು ಕಡೆ ಸ್ಕ್ರೂಡ್ರೈವರ್‌ನಿಂದ ಒಂದು ಬೆರಳಗಲ ಕೋಟಿಂಗ್ ಕೆರೆದು ನೋಡಿ. ಕೆಳಗೆ ಹಳೇ ಪೇಂಟೋ ಹೊಳೆಯುವ ಕಬ್ಬಿಣವೋ ಕಂಡರೆ ಒಳ್ಳೆಯದು. ಚಕ್ಕೆ ಎದ್ದು ಬಂದರೆ, ಅಥವಾ ಕೆಳಗೆ ಬಿಳಿ, ಹಸಿರು, ಗುಲಾಬಿ ಪುಟ್ಟಿ (ತೂತು, ಗುಳಿ ಮುಚ್ಚಲು ಮೆತ್ತುವ ಪೇಸ್ಟು) ಸಿಕ್ಕರೆ ಅಲ್ಲಿಗೆ ಸಾಕು. ಚಾಸಿಸ್ ಮೇಲೆ ಪುಟ್ಟಿ ಇರುವುದಕ್ಕೆ ಒಳ್ಳೆಯ ಕಾರಣ ಯಾವುದೂ ಇಲ್ಲ. ಕೆರೆಯಲು ಬಿಡುವುದಿಲ್ಲ ಅಂದರೆ ಜಗಳ ಬೇಡ, ನಮಸ್ಕಾರ ಹೇಳಿ ಬನ್ನಿ.

ಆಯಸ್ಕಾಂತ ಮತ್ತು ಸುತ್ತಿಗೆ

ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಮೆಲ್ಲಗೆ ಜಾರಿಸಿ. ತಗಡು ಇದ್ದಲ್ಲಿ ಗಟ್ಟಿ ಹಿಡಿಯುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಸಡಿಲ ಆಗುತ್ತದೆ ಅಥವಾ ಬಿದ್ದೇ ಹೋಗುತ್ತದೆ. ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳ ಅಂಚು, ಮುಂದಿನ ಗಾಜಿನ ಫ್ರೇಮ್ ಕೆಳಭಾಗ, ಹಿಂದಿನ ಎರಡು ಮೂಲೆ, ಇಷ್ಟರಲ್ಲಿ ನೋಡಿದರೆ ಬಾಡಿಯ ಜಾತಕ ಗೊತ್ತಾಗುತ್ತದೆ.

ಚಾಸಿಸ್‌ಗೆ ಸುತ್ತಿಗೆ. ಜೋರಾಗಿ ಬಡಿಯುವುದು ಬೇಡ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ತಟ್ಟಿದರೆ ಸಾಕು. ಮುಂದಿನ ಬಂಪರ್ ಹತ್ತಿರದಿಂದ ಶುರು ಮಾಡಿ ನಾಲ್ಕು ಬೆರಳಿಗೊಂದು ಸಲ ತಟ್ಟುತ್ತಾ ಹಿಂದಕ್ಕೆ ಬನ್ನಿ. ಗಟ್ಟಿ ಕಬ್ಬಿಣ ಟಣ್ ಟಣ್ ಅನ್ನುತ್ತದೆ, ಸುತ್ತಿಗೆ ವಾಪಸ್ ಪುಟಿಯುತ್ತದೆ. ಲಡ್ಡು ಹಿಡಿದ ಕಡೆ ಬದ್ ಅಂತ ಸದ್ದು ಸತ್ತುಹೋಗುತ್ತದೆ, ಒಳಗಿಂದ ಪುಡಿ ಸುರಿಯುವ ಸದ್ದೂ ಕೇಳಬಹುದು. ಎಡ ರೈಲು, ಬಲ ರೈಲು ಎರಡನ್ನೂ ಹೋಲಿಸಿ. ಒಂದೇ ಜಾಗದಲ್ಲಿ ಎರಡು ಕಡೆ ಬೇರೆ ಬೇರೆ ಸದ್ದು ಬಂದರೆ ಅಲ್ಲಿ ಏನೋ ಇದೆ. ಒಳಗೆ ಮಣ್ಣು ತುಂಬಿದ್ದರೂ ಸದ್ದು ಸಾಯುತ್ತದೆ, ಅದಕ್ಕೆ ಅಂಥ ಕಡೆ ಸ್ಕ್ರೂಡ್ರೈವರ್ ತುದಿ ಇಟ್ಟು ಮೈಭಾರ ಕೊಟ್ಟು ಒತ್ತಿ. ಒಳಗೆ ಇಳಿದರೆ ತುಕ್ಕು.

ದಪ್ಪ ಚಕ್ಕೆ ಕಂಡು ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಉಬ್ಬಿದ ಚಕ್ಕೆ ನೋಡಿ ಎಲ್ಲ ಹೋಯಿತು ಅನ್ನಿಸಿದರೂ ಕೆಳಗೆ ಗಟ್ಟಿ ಕಬ್ಬಿಣ ಉಳಿದಿರಬಹುದು. ಚಕ್ಕೆ ಉದುರಿಸಿ, ಆಮೇಲೆ ತಟ್ಟಿ, ಆಮೇಲೆ ಹೇಳಿ. ಬೆರಳಿಗೆ ಬರೀ ಕೆಂಪು ಹತ್ತಿ ಕೆಳಗೆ ನುಣುಪಾಗಿದ್ದರೆ ಅದು ಮೇಲಿನ ತುಕ್ಕು, ತಲೆಕೆಡಿಸಿಕೊಳ್ಳುವಂಥದ್ದಲ್ಲ.

ಕಣ್ಣಿಡಬೇಕಾದ ಜಾಗಗಳು

ಹಿಂದಿನ ಆಕ್ಸಲ್ ಮೇಲೆ ಚಾಸಿಸ್ ರೈಲು ಬಾಗಿ ಮೇಲಕ್ಕೆ ಏರಿ ಮತ್ತೆ ಇಳಿಯುತ್ತದೆ. ಚಕ್ರ ಎರಚುವ ಮಣ್ಣೆಲ್ಲ ಬಂದು ಕೂರುವುದು ಆ ಬಾಗಿನ ಮೇಲೆ. ಕೆಳಗಿಂದ ಕಣ್ಣಿಗೆ ಕಾಣುವುದಿಲ್ಲ. ಕೈ ತೂರಿಸಿ ಮೇಲ್ಭಾಗ ಸವರಿ ನೋಡಿ, ಅಥವಾ ಫೋನ್ ಕ್ಯಾಮೆರಾ ಲೈಟ್ ಹಾಕಿ ವೀಡಿಯೊ ಮಾಡಿ ಆಮೇಲೆ ನೋಡಿ. ನನ್ನ ಹಸಿರು ಗಾಡಿ ಹೋಗಿದ್ದು ಈ ಬಾಗಿನ ಹತ್ತಿರವೇ. ಸ್ಪ್ರಿಂಗಿನ ಎರಡೂ ತುದಿ ಕೂರುವ ಬ್ರಾಕೆಟ್ಟುಗಳನ್ನು, ಅಂದರೆ ಒಂದು ಕಡೆ ಪಿನ್ನು, ಇನ್ನೊಂದು ಕಡೆ ಶಾಕಲ್ ಅನ್ನುವ ಅಲ್ಲಾಡುವ ಕೊಂಡಿ, ನಾಲ್ಕೂ ಚಕ್ರದವು ಸೇರಿ ಎಂಟು ಜಾಗ, ಒಂದೊಂದನ್ನೂ ಸುತ್ತ ತಟ್ಟಿ ನೋಡಿ. ಬ್ರಾಕೆಟ್ ಗಟ್ಟಿ ಇದ್ದು ಅದು ಅಂಟಿರುವ ರೈಲು ಮೆತ್ತಗಿರುವುದೇ ಜಾಸ್ತಿ.

ಮುಂದೆ ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ. ದೊಡ್ಡ ಟೈರು ಹಾಕಿ ಕಾಡುದಾರಿಯಲ್ಲಿ ಓಡಿಸಿದ ಗಾಡಿಗಳಲ್ಲಿ ಅಲ್ಲಿ ಬಿರುಕು ಬಿಡುತ್ತದೆ. ಒಬ್ಬರನ್ನು ಸೀಟಲ್ಲಿ ಕೂರಿಸಿ ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಲು ಹೇಳಿ, ನೀವು ಕೆಳಗಿಂದ ಬಾಕ್ಸ್ ನೋಡಿ. ಬಾಕ್ಸ್ ಜೊತೆಗೆ ರೈಲಿನ ಗೋಡೆಯೂ ಉಸಿರಾಡಿದ ಹಾಗೆ ಅಲ್ಲಾಡಿದರೆ ಅದು ದೊಡ್ಡ ಕೆಲಸ.

ತಪ್ಪದೆ ಅಳೆಯಿರಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2375 ಮಿಲಿಮೀಟರ್ ಇರಬೇಕು, ಚಕ್ರ ನೇರ ಇಟ್ಟು ಎಡ ಬಲ ಎರಡೂ ಕಡೆ ಟೇಪ್ ಹಿಡಿಯಿರಿ. ಎರಡೂ ಕಡೆ ಸಮ ಬರದೆ ಬೆರಳಗಲ ವ್ಯತ್ಯಾಸ ಬಂದರೆ ಗಾಡಿ ಎಲ್ಲೋ ಬಲವಾಗಿ ಗುದ್ದಿದೆ, ಇಲ್ಲವೇ ಸ್ಪ್ರಿಂಗಿನ ನಡುವಿನ ಬೋಲ್ಟು ತುಂಡಾಗಿ ಆಕ್ಸಲ್ ಜಾರಿದೆ. ಎರಡನೆಯದಾದರೆ ಚಿಕ್ಕ ರಿಪೇರಿ.

ಆಮೇಲೆ ಬಾಗಿಲು. ಗಾಡಿಯ ಒಂದು ಚಕ್ರ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿ ಬಾಗಿಲು ತೆಗೆದು ಹಾಕಿ. ಸಮತಟ್ಟಿನಲ್ಲಿ ಸರಿಯಾಗಿ ಕೂರುತ್ತಿದ್ದ ಬಾಗಿಲು ಈಗ ಉಜ್ಜಿದರೆ ಅಥವಾ ಹಾಕಲು ಬರದಿದ್ದರೆ ಬಾಡಿ ಮೌಂಟುಗಳು (ಬಾಡಿ ಕೂರಿಸಿದ ರಬ್ಬರ್ ಬುಷ್ ಜಾಗಗಳು) ಹೋಗಿವೆ, ಇಲ್ಲ ಚಾಸಿಸ್ ತಿರುಚುತ್ತಿದೆ. ಸ್ವಲ್ಪ ವ್ಯತ್ಯಾಸ ಹೊಸ ಗಾಡಿಯಲ್ಲೂ ಇರುತ್ತದೆ, ಕಣ್ಣಿಗೆ ಹೊಡೆಯುವಷ್ಟು ಇರಬಾರದು.

ಗಾಡಿ ಏನು ಹೊತ್ತಿತ್ತು ಅಂತ ಕೇಳಿ

ಇದನ್ನು ಯಾರೂ ಕೇಳುವುದಿಲ್ಲ. ಮಲೆನಾಡಿನ ಜಿಪ್ಸಿ, ಜೀಪುಗಳಲ್ಲಿ ಇದು ತುಂಬಾ ಮುಖ್ಯ.

ಅಡಿಕೆ ತೋಟದ ಗಾಡಿಯಾದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ಹೊಡೆಯಲು ಡ್ರಮ್ಮು ಹೊತ್ತೇ ಇರುತ್ತದೆ. ಬೋರ್ಡೊ ಅಂದರೆ ಮೈಲುತುತ್ತ ಮತ್ತು ಸುಣ್ಣ. ಸುಣ್ಣ ಸರಿಯಾಗಿ ಬೆರೆತರೆ ಅಷ್ಟು ತೊಂದರೆ ಇಲ್ಲ, ಆದರೆ ಬರೀ ಮೈಲುತುತ್ತದ ನೀರು ಕಬ್ಬಿಣಕ್ಕೆ ವಿಷ. ಮೈಲುತುತ್ತದ ನೀರಲ್ಲಿ ಕತ್ತಿ ಅದ್ದಿ ನೋಡಿದವರಿಗೆ ಗೊತ್ತು, ಕ್ಷಣದಲ್ಲಿ ತಾಮ್ರದ ಬಣ್ಣ ಹತ್ತುತ್ತದೆ. ತಾಮ್ರ ಬಂದು ಕೂತಷ್ಟೂ ಕಬ್ಬಿಣ ಕರಗಿ ಹೋಗಿರುತ್ತದೆ. ಬೋರ್ಡೊ ಹದ ಬಂತೋ ಇಲ್ಲವೋ ಅಂತ ಹಿರಿಯರು ಕತ್ತಿ ಅದ್ದಿ ನೋಡುವುದೂ ಇದಕ್ಕೇ. ಆ ನೀರು ಡ್ರಮ್ಮಿನಿಂದ ತುಳುಕಿ ಹಿಂದಿನ ತೊಟ್ಟಿಯ ಮೂಲೆಯಲ್ಲಿ ವರ್ಷ ವರ್ಷ ನಿಂತರೆ ತಗಡು ಉಳಿಯುವುದಿಲ್ಲ. ಹಿಂದಿನ ಸೀಟು ಎತ್ತಿ ಮ್ಯಾಟ್ ಸರಿಸಿ ನೋಡಿ, ಸಂದಿಯಲ್ಲಿ ನೀಲಿ ಹಸಿರು ಕಲೆ ಕಂಡರೆ ಅದೇ. ಕಲೆಯ ನೇರ ಕೆಳಗೆ ಹೋಗಿ ಚಾಸಿಸ್ ತಟ್ಟಿ.

ಪೊಟ್ಯಾಷ್ ಗೊಬ್ಬರವೂ ಹಾಗೇ. ಕೆಂಪಗೆ ಹರಳು ಹರಳಾಗಿ ಇರುತ್ತದಲ್ಲ, ಅದು ಅಡಿಗೆ ಉಪ್ಪಿನ ಸೋದರ. ಮೂಟೆ ಹರಿದು ಉದುರಿದ ಹರಳು ಗಾಳಿಯ ತೇವ ಎಳೆದುಕೊಂಡು ಉಪ್ಪುನೀರಾಗಿ ಸಂದಿಗೆ ಇಳಿಯುತ್ತದೆ. ಕರಾವಳಿ ಗಾಡಿಯಾದರೆ ಸಮುದ್ರದ ಗಾಳಿ ಒಂದು ಕಡೆ, ಮೀನು ಸಾಗಿಸಿದ್ದರೆ ಐಸ್ ಕರಗಿದ ಉಪ್ಪುನೀರು ಇನ್ನೊಂದು ಕಡೆ. ಮೀನಿನ ಗಾಡಿ ಅಂತ ಗೊತ್ತಾದರೆ ನಾನು ನೋಡಲೂ ಹೋಗುವುದಿಲ್ಲ. ಬಯಲುಸೀಮೆಯ ಗಾಡಿಗೆ ಪೇಂಟ್ ಬಿಸಿಲಿಗೆ ಸುಟ್ಟಿರುತ್ತದೆ, ಹುಡ್ ಹರಿದಿರುತ್ತದೆ, ಚಾಸಿಸ್ ಮಾತ್ರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಚಳ್ಳಕೆರೆ, ಕೊಪ್ಪಳ ಕಡೆ ಗಾಡಿ ಇದೆ ಅಂದರೆ ಬಸ್ ಚಾರ್ಜ್ ಖರ್ಚು ಮಾಡಿಯಾದರೂ ಹೋಗಿ ನೋಡಿ. ನನ್ನ 2003ರ ಗಾಡಿ ಬಂದದ್ದು ಆ ಕಡೆಯಿಂದಲೇ. ಅದರ ಮುಂದಿನ ನೆಲ ಹೋಗಿದ್ದು ಗಾಜಿನ ರಬ್ಬರ್ ಸೋರಿ ನೀರು ಮ್ಯಾಟ್ ಕೆಳಗೆ ನಿಂತು.

ಓಡಿಸುವಾಗ ಕಾಣುವ ದೋಷಗಳು

ಚಾಸಿಸ್ ಪಾಸಾಗದಿದ್ದರೆ ಈ ಭಾಗಕ್ಕೆ ಬರುವ ಅಗತ್ಯವೇ ಇಲ್ಲ. ಪಾಸಾದರೆ ಮಾತ್ರ ಕೀ ಕೇಳಿ.

ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರ್ ನೋಡಿ. ಮೊದಲ ಸಲ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು ಸವೆದಿದೆ, ಅದು ಚಿಕ್ಕದು. ಏರಲ್ಲಿ ಆಕ್ಸಲರೇಟರ್ ಒತ್ತಿದಷ್ಟೂ ನೀಲಿ ಬಂದರೆ ಪಿಸ್ಟನ್ ರಿಂಗು ಸವೆದಿದೆ, ಎಂಜಿನ್ ಬಿಚ್ಚಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆ ತರ ಮೆತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಕೇಳಿ, ಗೊತ್ತಿಲ್ಲ ಅಂದರೆ ಹೊಸದರ ಖರ್ಚು ಲೆಕ್ಕಕ್ಕೆ ಬರೆದುಕೊಳ್ಳಿ. ಎಂಜಿನ್ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ, ಈ 1.3 ಎಂಜಿನ್ ರಿಪೇರಿ ಗೊತ್ತಿರುವವರು ಎಲ್ಲ ಕಡೆ ಸಿಗುತ್ತಾರೆ.

ಸ್ಟೀರಿಂಗ್ ನಡುಕ ಮಾತ್ರ ಸರಿಯಾಗಿ ಹುಡುಕಬೇಕು. 50, 60ರ ವೇಗದಲ್ಲಿ ಗುಂಡಿ ಹಾರಿದ ಕೂಡಲೇ ಸ್ಟೀರಿಂಗ್ ಕೈಯಲ್ಲೇ ಕುಣಿಯಲು ಶುರುವಾಗಿ ಬ್ರೇಕ್ ಹಾಕಿದ ಮೇಲೇ ನಿಲ್ಲುವುದು ಜಿಪ್ಸಿಯಲ್ಲಿ ಆಗುತ್ತಿರುತ್ತದೆ. ಬರೀ ವ್ಹೀಲ್ ಬ್ಯಾಲೆನ್ಸ್ ಸಾರ್ ಅನ್ನುತ್ತಾರೆ. ನಂಬುವ ಮುಂಚೆ ಮುಂದಿನ ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಚಕ್ರ ನೆಲದಿಂದ ಎತ್ತಿಸಿ, ಪಕ್ಕದಲ್ಲಿ ದಪ್ಪ ಮರದ ತುಂಡು ಇಡಿ. ಚಕ್ರದ ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟ್ ಕಟ್ ಅಂತ ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಹೋದರೆ ವ್ಹೀಲ್ ಬೇರಿಂಗ್. ಹೋಗದಿದ್ದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡ ಬಲ ತಿರುಗುವ ಕೀಲು) ಬೇರಿಂಗ್. ಎರಡೂ ರಿಪೇರಿ ಆಗುವಂಥವೇ, ಕಿಂಗ್‌ಪಿನ್‌ಗೆ ಕೆಲಸ ಜಾಸ್ತಿ. ಹಾಗೇ ಚಕ್ರದ ಒಳಗಡೆ ಇರುವ ಆ ದೊಡ್ಡ ಗುಂಡು ನೋಡಿ. ಗ್ರೀಸ್ ಬದಲು ತೆಳುವಾದ ಆಯಿಲ್ ಸೋರುತ್ತಿದ್ದರೆ ಆಕ್ಸಲ್ ಒಳಗಿನ ಸೀಲು ಹೋಗಿದೆ. ಗುಂಡಿನ ಮೇಲೆಯೇ ತುಕ್ಕಿನ ಗುಳಿ ಬಿದ್ದಿದ್ದರೆ ಎಷ್ಟು ಸೀಲು ಹಾಕಿದರೂ ಮತ್ತೆ ಸೋರುತ್ತದೆ.

ಫೋರ್ ಬೈ ಫೋರ್ (ನಾಲ್ಕೂ ಚಕ್ರದ ಎಳೆತ) ಪರೀಕ್ಷೆ ಟಾರ್ ರಸ್ತೆಯಲ್ಲಿ ಬೇಡ, ಮುಂದೆ ಹಿಂದೆ ಬಿಗಿದುಕೊಂಡು ಗೇರುಗಳಿಗೆ ಪೆಟ್ಟು. ಮಣ್ಣು ಅಥವಾ ಜಲ್ಲಿ ಇರುವ ಕಡೆ ಫೋರ್ ಬೈ ಫೋರ್ ಹಾಕಿ, ಲೋ (ಎಳೆತ ಜಾಸ್ತಿ, ವೇಗ ಕಡಿಮೆ ಇರುವ ಗೇರು) ಹಾಕಿ, ಇಳಿಜಾರಿನಲ್ಲಿ ಎರಡನೇ ಗೇರಲ್ಲಿ ಆಕ್ಸಲರೇಟರ್ ಬಿಟ್ಟುಬಿಡಿ. ಲಿವರ್ ತಾನಾಗೇ ನ್ಯೂಟ್ರಲ್‌ಗೆ ಹಾರಿ ಬಂದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಸವೆದಿದೆ. ಘಾಟಿ ಇಳಿಯುವವರಿಗೆ ಇದು ಸಣ್ಣ ದೋಷ ಅಲ್ಲ. ಗೇರ್‌ಬಾಕ್ಸ್‌ಗೂ ಟ್ರಾನ್ಸ್‌ಫರ್ ಕೇಸ್‌ಗೂ ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ, ಮುಂದೆ ಹಿಂದೆ ಹೋಗುವ ಉದ್ದನೆಯವು ಎರಡು. ಎಲ್ಲದರ ತುದಿಯ ಕ್ರಾಸ್‌ಗಳನ್ನೂ (ಶಾಫ್ಟ್ ಬಾಗಲು ಬಿಡುವ ಕೀಲುಗಳು) ಕೈಯಲ್ಲಿ ತಿರುಚಿ ನೋಡಿ. ಕ್ರಾಸ್ ಸವೆದಿದ್ದರೆ ಅದೇನೂ ದೊಡ್ಡ ಖರ್ಚಲ್ಲ.

ಕಾಗದ

ಚಾಸಿಸ್ ರೈಲಿನ ಮೇಲೆ ಪಂಚ್ ಮಾಡಿದ ನಂಬರ್ ಹುಡುಕಿ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ತುಕ್ಕಿನಲ್ಲಿ ನಂಬರೇ ಅಳಿಸಿ ಹೋಗಿದ್ದರೆ, ಅಥವಾ ಆ ಜಾಗದಲ್ಲಿ ವೆಲ್ಡಿಂಗ್ ಗುರುತು ಇದ್ದರೆ, ಗಾಡಿ ಎಷ್ಟೇ ಚೆನ್ನಾಗಿದ್ದರೂ ಬೇಡ. ಆರ್‌ಟಿಓದಲ್ಲಿ ನಿಮ್ಮ ಹೆಸರಿಗೆ ಬರುವುದಿಲ್ಲ.

ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು) ಮಾಡಿಸಿ ನವೀಕರಿಸಬೇಕು. ಹಿಂದೆ ಇದಕ್ಕೆ 600 ರೂಪಾಯಿ ಶುಲ್ಕ ಇತ್ತು. 2022ರ ಏಪ್ರಿಲ್‌ನಿಂದ 5000 ಆಯಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರು ಜೀಪುಗಳಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ನವೀಕರಣ ಆಗದೆ ನಿಂತ ಗಾಡಿಯಾದರೆ ಮಾರುವವರೇ ಅವರ ಹೆಸರಲ್ಲಿ ಮಾಡಿಸಿ ಕೊಡಲಿ, ದುಡ್ಡು ಬೇಕಾದರೆ ನೀವು ಹಂಚಿಕೊಳ್ಳಿ. ಎಫ್‌ಸಿ ಆಗದ ಗಾಡಿಗೆ ಅಡ್ವಾನ್ಸ್ ಕೊಟ್ಟು ಓಡಾಡುವುದು ಬೇಡ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಕಡಿವಾಣ ಬಿದ್ದ ಮೇಲೆ ಅಲ್ಲಿನ ಜಿಪ್ಸಿಗಳು ನಮ್ಮ ಕಡೆಗೂ ಬರುತ್ತಿವೆ. ಒಳ್ಳೆಯ ಗಾಡಿಗಳೂ ಇವೆ, ಆದರೆ ಅಲ್ಲಿನ ಆರ್‌ಟಿಓದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೈಗೆ ಬಂದ ಮೇಲೇ ಮಾತು, ಇಲ್ಲಿಯ ತೆರಿಗೆ ಎಷ್ಟು ಅಂತ ಆರ್‌ಟಿಓದಲ್ಲಿ ಮೊದಲೇ ಕೇಳಿ. ಬಾಡಿ ಕತ್ತರಿಸಿದ, ಎಂಜಿನ್ ಬದಲಿಸಿದ ಗಾಡಿಯಾದರೆ ಆರ್‌ಸಿಯಲ್ಲಿ ಅದು ನಮೂದಾಗಿರಬೇಕು. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೀರ್ಮಾನ

ನಾನು ಹೀಗೆ ಲೆಕ್ಕ ಹಾಕುತ್ತೇನೆ. ಚಾಸಿಸ್ ಎಲ್ಲೂ ಮೆತ್ತಗಿಲ್ಲ, ನಂಬರ್ ಸರಿ ಇದೆ ಅಂದರೆ ಬಾಡಿ ಎಷ್ಟೇ ಕೆಟ್ಟಿದ್ದರೂ ಮಾತು ಮುಂದುವರಿಸಬಹುದು. ನೆಲ, ಮೂಲೆ, ಕಮಾನು ಎಲ್ಲದರ ಫೋಟೋ ತೆಗೆದು ಟಿಂಕರಿಂಗ್ ಮೇಸ್ತ್ರಿಗೆ ತೋರಿಸಿ ಅಂದಾಜು ಕೇಳಿ. ಅವರು ಹೇಳಿದ್ದಕ್ಕೆ ಅರ್ಧ ಸೇರಿಸಿಕೊಳ್ಳಿ, ಕತ್ತರಿಸಲು ಶುರು ಮಾಡಿದ ಮೇಲೆ ತುಕ್ಕು ಕಂಡದ್ದಕ್ಕಿಂತ ಯಾವಾಗಲೂ ದೂರ ಹೋಗಿರುತ್ತದೆ. ಆ ಮೊತ್ತ ಕಳೆದು ಬೆಲೆ ಹೇಳಿ, ಕಾರಣವನ್ನೂ ಹೇಳಿ. ಫೋಟೋ ಮುಂದಿಟ್ಟು ಮಾತಾಡಿದರೆ ಮಾರುವವರೂ ಒಪ್ಪುತ್ತಾರೆ.

ಚಾಸಿಸ್‌ನಲ್ಲಿ ಅಂಗೈ ಅಗಲದ ಒಂದೇ ಜಾಗ ಹೋಗಿದೆ, ಅದು ಸ್ಪ್ರಿಂಗ್ ಬ್ರಾಕೆಟ್ಟಿನಿಂದಲೂ ಸ್ಟೀರಿಂಗ್ ಬಾಕ್ಸಿನಿಂದಲೂ ದೂರ ಇದೆ ಅಂದರೆ ಅನುಭವ ಇರುವ ಮೇಸ್ತ್ರಿ ಕೊಳೆತದ್ದನ್ನು ಕತ್ತರಿಸಿ ತೆಗೆದು ಅಷ್ಟೇ ದಪ್ಪದ ಪ್ಲೇಟು ಹಾಕಬಹುದು. ಮೇಲಿಂದ ಪ್ಯಾಚ್ ಅಂಟಿಸುವುದು ಬೇಡ. ಪೆಟ್ರೋಲ್ ಟ್ಯಾಂಕ್ ಇಳಿಸದೆ ವೆಲ್ಡಿಂಗ್ ಶುರು ಮಾಡುವವರ ಹತ್ತಿರ ಗಾಡಿ ಬಿಡಬೇಡಿ. ಎರಡು ಮೂರು ಕಡೆ ಹೋಗಿದೆ, ಅಥವಾ ಸ್ಪ್ರಿಂಗ್ ಬುಡದಲ್ಲೇ ಹೋಗಿದೆ ಅಂದರೆ ಬಿಡಿ. ಪುಕ್ಕಟೆ ಕೊಟ್ಟರೂ ಬಿಡಿ, ಬಿಡಿಭಾಗಕ್ಕೆ ಅಂತ ಬೇಕಾದರೆ ತಗೊಳ್ಳಿ.

ಕಳೆದ ಮಾರ್ಚ್‌ನಲ್ಲಿ ನನ್ನ ಭಾವಮೈದುನನಿಗೆ ಅಂತ ಒಂದು ಬಿಳಿ ಜಿಪ್ಸಿ ನೋಡಲು ಹೋಗಿದ್ದೆವು. ಅವನಿಗೆ ಕಂಡ ಕೂಡಲೇ ಇಷ್ಟವಾಗಿತ್ತು, ಅಡ್ವಾನ್ಸ್ ಜೇಬಲ್ಲಿ ಇಟ್ಟುಕೊಂಡೇ ಬಂದಿದ್ದ. ನಾನು ಗೋಣಿ ಹಾಸಿ ಕೆಳಗೆ ನುಗ್ಗಿದೆ. ಮುಂದಿನಿಂದ ನಡುವಿನ ತನಕ ಟಣ್ ಟಣ್ ಅಂತ ಚೆನ್ನಾಗಿ ಬಂತು. ಹಿಂದಿನ ಬಾಗಿನ ಹತ್ತಿರ ಸದ್ದು ಸತ್ತಿತು. ಕೈ ತೂರಿಸಿ ಮೇಲ್ಭಾಗ ಸವರಿದರೆ ಒದ್ದೆ ಮಣ್ಣು, ಮಣ್ಣು ಬಗೆದರೆ ನನ್ನ ಎರಡು ಬೆರಳು ರೈಲಿನ ಒಳಗೇ ಹೋದವು. ಮಳೆ ಬಿದ್ದು ತಿಂಗಳುಗಳಾಗಿತ್ತು, ಒಳಗಿನ ಮಣ್ಣು ಇನ್ನೂ ತಣ್ಣಗಿತ್ತು. ಅವನನ್ನೂ ಕೆಳಗೆ ಕರೆದೆ. "ಭಾವ, ಎಂತದು, ಕೈಯೇ ಹೋಗ್ತದಲ್ಲ" ಅಂದ. ಮಾರುವವರು ಪಾಪ ಹಿರಿಯರು, ಅವರಿಗೂ ಗೊತ್ತಿರಲಿಲ್ಲ. ಅವರನ್ನೂ ಕೂರಿಸಿ ಫೋನ್‌ನಲ್ಲಿ ವೀಡಿಯೊ ತೋರಿಸಿದೆ. ಇನ್ನು ಇದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗಬೇಡಿ ಅಂತ ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬಂದೆವು.

ಅವನು ಜೂನ್ ಹೊತ್ತಿಗೆ ಹಿರಿಯೂರು ಕಡೆಯ ಒಂದು ಗಾಡಿ ತಗೊಂಡ. ಪೇಂಟ್ ಪೂರ್ತಿ ಹೋಗಿದೆ, ಚಾಸಿಸ್ ಗಟ್ಟಿ. ಮನೆಗೆ ತಂದ ದಿನವೇ ಪೈಪು ಹಿಡಿದು ರೈಲಿನ ಒಂದೊಂದು ತೂತಿಗೂ ನೀರು ಬಿಟ್ಟು, ಕೆಳಗಿನ ತೂತುಗಳನ್ನು ತಂತಿ ಹಾಕಿ ಬಿಡಿಸಿ, ನಾಲ್ಕು ದಿನ ಒಣಗಲು ಬಿಟ್ಟು, ಆಮೇಲೆ ಒಳಗೆಲ್ಲ ತುಕ್ಕು ತಡೆಯುವ ವ್ಯಾಕ್ಸ್ ಸಿಂಪಡಿಸಿದೆವು. ಬಾಡಿ ಟಿಂಕರಿಂಗ್ ಈ ಮಳೆಗಾಲ ಕಳೆದ ಮೇಲೆ ಮಾಡಿಸುತ್ತಾನೆ.